ಕಟ್ಟೆಯಲ್ಲಿ ಎಷ್ಟು ನೀರು?

ನಮ್ಮ ಕಡೆಯ ಮನೆಗಳಲ್ಲಿ ಬೆಳಿಗ್ಗೆ ಪತ್ರಿಕೆ ಬಂದರೆ ಮೊದಲು ನೋಡುವುದು ರಾಜಕೀಯವನ್ನಲ್ಲ, ರಾಶಿಫಲವನ್ನೂ ಅಲ್ಲ, ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಎಂದು ಮೂಲೆಯಲ್ಲಿ ನಾಲ್ಕು ಸಾಲು ಇರುತ್ತದೆ. ನಾನು 1976ರಲ್ಲಿ ಪಾಂಡವಪುರದ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಇದನ್ನು ಕಂಡು ನನಗೆ ನಗು ಬರುತ್ತಿತ್ತು. ಮಾವನವರು ಇನ್ನೂ ಮುಖ ತೊಳೆದಿರುತ್ತಿರಲಿಲ್ಲ, ಆಗಲೇ "ಕಟ್ಟೇಲಿ ಎಷ್ಟವ್ವ ನೀರು?" ಎಂದು ಕೇಳುತ್ತಿದ್ದರು. ನಾನು ಅಂಕಿ ಓದಿ ಹೇಳಿದ ಮೇಲೆಯೇ ಅವರ ದಿನ ಶುರುವಾಗುತ್ತಿದ್ದುದು.

ನಾನು ನಾಗಮಂಗಲದ ಕಡೆಯವಳು. ನಮ್ಮದು ಮಳೆಯನ್ನೇ ನಂಬಿದ ಸೀಮೆ. ರಾಗಿ, ಹುರುಳಿ ಬಿತ್ತಿ ನಮ್ಮಪ್ಪ ಅಂಗಳಕ್ಕೆ ಬಂದು ಆಕಾಶ ನೋಡುತ್ತಿದ್ದರು. ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾಲೆಯ ನೀರನ್ನು ಕಂಡ ಪಾಂಡವಪುರ, ಶ್ರೀರಂಗಪಟ್ಟಣದ ಜನರ ಲೆಕ್ಕಾಚಾರವೇ ಬೇರೆ. ಇಷ್ಟು ಅಡಿ ಇದ್ದರೆ ನಾಲೆಗೆ ಬಿಡುತ್ತಾರೆ, ಬಿಟ್ಟರೆ ಇಂಥ ವಾರ ಒಟ್ಲು ಹಾಕಬಹುದು ಎಂದು ಅವರು ಬೆರಳು ಮಡಿಸಿ ಎಣಿಸುವರು. ಆಕಾಶ ನೋಡುವವರ ಮನೆಯಿಂದ ಅಂಕಿ ನೋಡುವವರ ಮನೆಗೆ ನಾನು ಬಂದಿದ್ದೆ. ಈ ವ್ಯತ್ಯಾಸದಿಂದ ನಾನು ಕಲಿಯುವುದಿದೆ ಎಂದು ತಿಳಿಯಲು ಮಾತ್ರ ನನಗೆ 17 ವರ್ಷ ಬೇಕಾಯಿತು.

1993ರ ಹೊತ್ತಿಗೆ ನನಗೆ 36 ವಯಸ್ಸು. ನಮ್ಮವರು ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು. ಕೆ.ಆರ್.ಪೇಟೆಗೆ ವರ್ಗವಾಗಿ ನಾಲ್ಕು ವರ್ಷವಾಗಿತ್ತು. ಅತ್ತೆ, ಮಾವ ವರ್ಷದಲ್ಲಿ ಆರು ತಿಂಗಳು ನಮ್ಮಲ್ಲಿ, ಆರು ತಿಂಗಳು ಪಾಂಡವಪುರದಲ್ಲಿ ಮೈದುನನ ಮನೆಯಲ್ಲಿ ಇರುತ್ತಿದ್ದರು. ಮಗ, ಮಗಳು ಇಬ್ಬರೂ ತಮ್ಮ ಕೆಲಸ ತಾವು ಮಾಡಿಕೊಳ್ಳುವಷ್ಟು ಬೆಳೆದಿದ್ದರು. ಹೇಳಿಕೊಳ್ಳುವಂಥ ಕಷ್ಟವೇನೂ ಇರಲಿಲ್ಲ. ಆದರೂ ನನಗೆ ಸುಸ್ತು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ಮತ್ತೆ ಮಲಗುವುದು ಯಾವಾಗ ಎನ್ನಿಸುತ್ತಿತ್ತು. ಮೊರದಲ್ಲಿ ಅಕ್ಕಿ ಹರವಿಕೊಂಡು ಕುಳಿತರೆ ಅರ್ಧ ಗಂಟೆಯಾದರೂ ಕೈ ಆಡುತ್ತಿರಲಿಲ್ಲ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಏನೂ ತೊಂದರೆ ಇಲ್ಲಮ್ಮ, ರಕ್ತ ಚೆನ್ನಾಗಿದೆ" ಎಂದು ಒಂದು ಟಾನಿಕ್ ಬರೆದುಕೊಟ್ಟರು. ಟಾನಿಕ್ ಮುಗಿಯಿತು, ಸುಸ್ತು ಮುಗಿಯಲಿಲ್ಲ. (ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಹೆಂಗಸರ ಸುಸ್ತಿಗೆ ಎಷ್ಟೋ ಸಲ ರಕ್ತಹೀನತೆ, ಥೈರಾಯ್ಡು ಕಾರಣವಾಗಿರುತ್ತದೆ. ಮೊದಲು ಅದನ್ನು ಪರೀಕ್ಷೆ ಮಾಡಿಸಿಕೊಳ್ಳಿ. ನಾನು ಹೇಳಹೊರಟಿರುವುದು ಅದಾದ ಮೇಲೂ ಉಳಿಯುವ ಸುಸ್ತಿನ ಮಾತು.)

ನಾನು ಸುಮ್ಮನೆ ಕುಳಿತಿದ್ದೆ ಎಂದಲ್ಲ. "ಏನಾದರೂ ಮಾಡಬೇಕು" ಎಂಬುದು ನನ್ನ ದಿನನಿತ್ಯದ ಜಪವಾಗಿತ್ತು. ಅಕ್ಕಪಕ್ಕದವರು ಸೇರಿಕೊಂಡರೆಂದು ಟೈಲರಿಂಗ್ ಕಲಿಯಲು ಹೋದೆ, ಎರಡು ಲಂಗಕ್ಕೇ ನಿಂತಿತು. ಹಿಂದಿ ಪರೀಕ್ಷೆ ಕಟ್ಟುತ್ತೇನೆಂದು ಪುಸ್ತಕ ತಂದೆ, ಅದು ಮಗಳ ಪಾಲಾಯಿತು. ಹಪ್ಪಳ ಸಂಡಿಗೆ ಮಾಡಿ ಮಾರೋಣವೆಂದರೆ ಮನೆಯವರೇ ತಿಂದು ಮುಗಿಸಿದರು. ಒಂದೊಂದು ಬಿಟ್ಟಾಗಲೂ ಸುಸ್ತು ಹೆಚ್ಚುತ್ತಲೇ ಹೋಯಿತು.

ಆ ವರ್ಷದ ಬೇಸಿಗೆ ರಜೆಯಲ್ಲಿ ಎಲ್ಲರೂ ಶ್ರೀರಂಗಪಟ್ಟಣಕ್ಕೆ ಹೋಗಿ, ಗಂಜಾಮಿನ ನಿಮಿಷಾಂಬ ದೇವಸ್ಥಾನದಲ್ಲಿ ಪೂಜೆ ಮಾಡಿಸಿದೆವು. ಕಾವೇರಿಯ ದಡದ ಆ ತಾಯಿ ನಿಮಿಷದಲ್ಲಿ ಬೇಡಿದ್ದನ್ನು ಕೊಡುವವಳೆಂದು ನಮ್ಮ ಕಡೆ ನಂಬಿಕೆ. ಅರ್ಚಕರು ವಯಸ್ಸಾದವರು, ನಿಧಾನಸ್ಥರು. ಸಂಕಲ್ಪ ಮಾಡುವ ಮೊದಲು "ಏನೆಂದು ಸಂಕಲ್ಪ ಮಾಡಲಿ ತಾಯಿ?" ಎಂದರು. ನಾನು ಪಟಪಟನೆ ಹೇಳಿದೆ. ಯಜಮಾನರಿಗೆ ಬಡ್ತಿ ಆಗಬೇಕು, ಮಗ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆಯಬೇಕು, ಮಗಳ ಅಲರ್ಜಿ ವಾಸಿಯಾಗಬೇಕು, ಅತ್ತೆಯ ಕಣ್ಣಿನ ಪೊರೆ ತೆಗೆಸುವುದು ಸುಸೂತ್ರವಾಗಬೇಕು. ಅರ್ಚಕರು ಎಲ್ಲವನ್ನೂ ಕೇಳಿ, "ಸರಿ, ನಿಮಗೆ?" ಎಂದರು.

ನಾನು ಬಾಯಿ ತೆರೆದೆ. ಏನೂ ಹೊರಡಲಿಲ್ಲ. ನಿಮಿಷದಲ್ಲಿ ವರ ಕೊಡುವವಳ ಎದುರು ನಿಮಿಷಗಟ್ಟಲೆ ನಿಂತರೂ ಕೇಳಲು ಒಂದೂ ಹೊಳೆಯಲಿಲ್ಲ. ಕೊನೆಗೆ "ಎಲ್ಲರೂ ಚೆನ್ನಾಗಿದ್ದರೆ ಸಾಕು" ಎಂದೆ. ಅವರು ನಕ್ಕು ಮಂತ್ರ ಆರಂಭಿಸಿದರು.

ಅವರು ಹೇಳುತ್ತಿದ್ದ ಸಂಕಲ್ಪವನ್ನು ನಾನು ಅಂದು ಮೊದಲ ಸಲ ಕಿವಿಗೊಟ್ಟು ಕೇಳಿದೆ ಎನ್ನಬೇಕು. ನಾವು ಚಿಕ್ಕಂದಿನಿಂದ ಎಷ್ಟು ಸಲ ಅಕ್ಷತೆ ಹಿಡಿದು ಕೂತಿಲ್ಲ! ಸಂವತ್ಸರ ಯಾವುದು, ಅಯನ ಯಾವುದು, ಋತು, ಮಾಸ, ಪಕ್ಷ, ತಿಥಿ, ವಾರ ಯಾವುದು, ಯಾವ ನದಿಯ ತೀರದಲ್ಲಿ ಕೂತಿದ್ದೇವೆ, ಯಾರ ಹೆಸರಿನಲ್ಲಿ, ಯಾವ ಫಲಕ್ಕಾಗಿ ಎಂದು ಒಂದನ್ನೂ ಬಿಡದೆ ಹೇಳಿದ ಮೇಲೆಯೇ ಪೂಜೆ ಶುರು. "ಯಾವತ್ತೋ ಒಂದಿನ, ಎಲ್ಲೋ, ಏನಾದರೂ ಮಾಡುತ್ತೇನೆ" ಎಂಬ ಸಂಕಲ್ಪವೇ ಇಲ್ಲ. ದೇವರಿಗೆ ಮಾಡುವ ಪೂಜೆಗೆ ಇಷ್ಟು ಖಚಿತವಾಗಿ ಹೇಳುವ ನಾವು, ನಮ್ಮ ಬದುಕಿನ ಮಾತು ಬಂದಾಗ ಮಾತ್ರ "ಏನಾದರೂ" ಎಂದು ಏಕೆ ತೇಲಿಸಿಬಿಡುತ್ತೇವೆ?

ಬಸ್ಸಿನಲ್ಲಿ ಕೆ.ಆರ್.ಪೇಟೆಗೆ ಹಿಂದಿರುಗುವಾಗ ಅರ್ಚಕರ "ನಿಮಗೆ?" ಎಂಬ ಮಾತು ಬಿಡಲಿಲ್ಲ. ನನಗೆ ಏನು ಬೇಕಿತ್ತು ಎಂದು ಹಿಂದಕ್ಕೆ ಹೋಗಿ ಹುಡುಕಿದೆ. ಪಿ.ಯು.ಸಿ. ಪಾಸಾಗಿ ಬಿ.ಎ.ಗೆ ಸೇರಿದ್ದೆ. ಮೊದಲ ವರ್ಷ ಮುಗಿಯುವ ಮೊದಲೇ ಮದುವೆ ಗೊತ್ತಾಯಿತು. "ಆಮೇಲೆ ಓದಿಸ್ತೀವಿ" ಎಂದು ಎರಡೂ ಕಡೆಯವರು ಹೇಳಿದ್ದರು. ಹೇಳಿದವರೂ ಮರೆತರು, ಕೇಳಿಸಿಕೊಂಡವಳೂ ಮರೆತೆ. ಮರೆತೆ ಎಂದುಕೊಂಡಿದ್ದೆ, ಅಷ್ಟೇ. ಯಾರಾದರೂ ಹೆಂಗಸು ತನ್ನ ಹೆಸರಿನ ಮುಂದೆ ಬಿ.ಎ. ಎಂದು ಬರೆದುಕೊಂಡಿದ್ದನ್ನು ಕಂಡರೆ ಆ ದಿನವೆಲ್ಲ ನಾನು ಮಕ್ಕಳ ಮೇಲೆ ರೇಗುತ್ತಿದ್ದೆ. ಕಾರಣ ಆ ದಿನ ಬಸ್ಸಿನಲ್ಲಿ ತಿಳಿಯಿತು.

ರಾತ್ರಿ ನಮ್ಮವರಿಗೆ ಹೇಳಿದೆ. ಅವರು ಉತ್ತರ ಪತ್ರಿಕೆ ನೋಡುತ್ತಿದ್ದವರು ತಲೆ ಎತ್ತದೆ "ಮಾಡು" ಎಂದರು. ಅದು ಒಪ್ಪಿಗೆಯೋ, ಈ ಬಾರಿಯೂ ಎರಡು ಲಂಗಕ್ಕೇ ನಿಲ್ಲುತ್ತದೆ ಎಂಬ ಧೈರ್ಯವೋ ಗೊತ್ತಾಗಲಿಲ್ಲ. ಆದರೆ ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣದ ಅರ್ಜಿಯನ್ನು ಅವರೇ ತಂದುಕೊಟ್ಟರು. 1969ರಿಂದ ನಡೆಯುತ್ತಿದ್ದ ಆ ಅಂಚೆ ಶಿಕ್ಷಣವೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅತ್ತೆ ಮಾತ್ರ "ಮಗಳಿಗೆ ಗಂಡು ನೋಡೋ ಕಾಲ ಬಂತು, ಈಗ ನಿಂಗ್ಯಾಕವ್ವ ಓದು?" ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವರ ಕಾಲಕ್ಕೆ ಅದು ಸಹಜವಾದ ಮಾತು.

ವಯಸ್ಸಿನ ಮಾತು ನನ್ನನ್ನೂ ಕಾಡದೇ ಇರಲಿಲ್ಲ. ನಮ್ಮ ಜಿಲ್ಲೆಯವರನ್ನೇ ನೆನೆಸಿಕೊಂಡೆ. 1928ರಲ್ಲಿ ಮಂಡ್ಯದಲ್ಲಿ ಹುಟ್ಟಿದ ತ್ರಿವೇಣಿಯವರು ನಮ್ಮ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಿ.ಎಂ.ಶ್ರೀಯವರ ಮನೆತನದ ಹೆಣ್ಣುಮಗಳು. 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡರು. ಅಷ್ಟರೊಳಗೆ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು. ಇದನ್ನು ನೆನೆದರೆ ನನ್ನ ಕಾಲ ಮುಗಿಯಿತು ಎನ್ನಿಸುತ್ತಿತ್ತು. ಆದರೆ ಕೆ.ಆರ್.ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರ 'ದೇವರು' ಪುಸ್ತಕ ಬಂದದ್ದು 1991ರಲ್ಲಿ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಹುಟ್ಟಿದ್ದು 1915ರಲ್ಲಿ. ಸರ್ಕಾರಿ ಅಧಿಕಾರಿಯಾಗಿ ದುಡಿದು, 1979ರಲ್ಲಿ ಜಾನಪದ ಪರಿಷತ್ತು ಕಟ್ಟಿ, ರಾಮನಗರದ ಬಳಿ ಜಾನಪದ ಲೋಕವನ್ನು ನಿಲ್ಲಿಸಿದ್ದು 1994ರಲ್ಲಿ, ತಮ್ಮ 79ನೆಯ ವಯಸ್ಸಿನಲ್ಲಿ. ಹಳ್ಳಿಯ ಹೆಂಗಸರು ಬೀಸುವಾಗ, ಕುಟ್ಟುವಾಗ ಹಾಡಿದ ಹಾಡು ಹಾಳಾಗಬಾರದು ಎಂಬುದೊಂದೇ ಅವರ ಹಟ. ಇವರೆಲ್ಲ ದೊಡ್ಡವರು, ನಿಜ. ನನಗೆ ಅವರಿಂದ ಬೇಕಾಗಿದ್ದದ್ದು ದೊಡ್ಡತನವಲ್ಲ, ಇನ್ನೂ ಸಮಯವಿದೆ ಎಂಬ ಧೈರ್ಯ.

ಪಾಠದ ಪುಸ್ತಕಗಳ ಕಟ್ಟು ಅಂಚೆಯಲ್ಲಿ ಬಂದ ದಿನ ಅದನ್ನು ಕಂಡೇ ಎದೆ ಝಲ್ಲೆಂದಿತು. ಎಣಿಸಿದೆ. ಮೊದಲ ವರ್ಷಕ್ಕೆ 62 ಪಾಠ, ಸುಮಾರು 900 ಪುಟ. ಪರೀಕ್ಷೆಗೆ 240 ದಿನ. ಭಾಗಿಸಿದರೆ ದಿನಕ್ಕೆ 4 ಪುಟವೂ ಇಲ್ಲ! ಇಷ್ಟೇನಾ ಎನ್ನಿಸಿತು. ಆ ಕ್ಷಣದಲ್ಲಿ ನನ್ನ ಮೈಯಲ್ಲಿ ಏನೋ ಹಗುರವಾದದ್ದು ಇಂದಿಗೂ ನೆನಪಿದೆ. 900 ಪುಟ ಓದಲು ನನ್ನಲ್ಲಿ ಶಕ್ತಿ ಇರಲಿಲ್ಲ. 4 ಪುಟ ಓದಲು ಯಾರಲ್ಲಿ ಇಲ್ಲ?

62ರ ಎರಡರಷ್ಟು 124 ಎಂದು ಹೊಳೆದಾಗ ನಗು ಬಂತು. ಉಗ್ರಾಣದ ಬಾಗಿಲಿನ ಹಿಂದೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದೆ. ಕೆಳಗೆ ಸೊನ್ನೆ, ಮೇಲೆ 124. ಒಂದು ಪಾಠ ಮುಗಿದರೆ 2 ಅಡಿ ನೀರು. ಉಳಿದ 0.80 ಅಡಿ ಪರೀಕ್ಷೆಯ ದಿನಕ್ಕಿರಲಿ ಎಂದುಕೊಂಡೆ. ಗೆರೆಯ ಪಕ್ಕದಲ್ಲಿ "ಬಿ.ಎ., 1996 ಏಪ್ರಿಲ್" ಎಂದು ಬರೆದೆ. ಬೆಳಿಗ್ಗೆ ನಾಲ್ಕೂವರೆಯಿಂದ ಆರರವರೆಗೆ ಓದು. ರಾತ್ರಿ ಬಾಗಿಲು ಹಾಕುವ ಮೊದಲು ಒಂದು ಗೀಟು.

ಒಂದು ದಿನ ಮಾವನವರು ರಾಗಿ ಹಿಟ್ಟಿನ ಡಬ್ಬ ಹುಡುಕುತ್ತಾ ಹೋಗಿ ಬಾಗಿಲ ಹಿಂದೆ ಅದನ್ನು ನೋಡಿಬಿಟ್ಟರು. ನಾನು ನಾಚಿ ನಿಂತೆ. ಅವರು ಬಹಳ ಹೊತ್ತು ನೋಡಿ, "38 ಅಡಿ ಅದೆ. ಒಳಹರಿವು ಸಾಲದು ಕಣವ್ವ" ಎಂದರು. ಅಂದಿನಿಂದ ಬೆಳಿಗ್ಗೆ ಅವರು ಎರಡು ಮಟ್ಟ ಕೇಳತೊಡಗಿದರು, ಕಟ್ಟೆಯದೊಂದು, ನನ್ನದೊಂದು.

ವಿಚಿತ್ರವೆಂದರೆ, ಕೆಲಸ ಹೆಚ್ಚಾಯಿತು, ಸುಸ್ತು ಕಡಿಮೆಯಾಯಿತು. ಒಂದೂವರೆ ಗಂಟೆ ನಿದ್ದೆ ಬಿಟ್ಟು ಓದಿದವಳು ಹಗಲೆಲ್ಲ ಓಡಾಡಿಕೊಂಡಿರುತ್ತಿದ್ದೆ. ಸಾರಿನ ರುಚಿಯೂ ಸುಧಾರಿಸಿತೆಂದು ಮಗ ಹೇಳಿದ. ಮೊದಲು ನನ್ನ ಶಕ್ತಿಯೆಲ್ಲ ಹೊರಹರಿವು ಮಾತ್ರ. ಗಂಡನಿಗೆ, ಮಕ್ಕಳಿಗೆ, ಬಂದವರಿಗೆ, ಹೋದವರಿಗೆ ಹರಿದು ಹೋಗುತ್ತಿತ್ತು. ಈಗ ದಿನಕ್ಕೆ 4 ಪುಟದ ಒಳಹರಿವು ಇತ್ತು. ಎಷ್ಟು ಬಂತು ಎಂದು ಕಣ್ಣಿಗೆ ಕಾಣುವಂತೆ ಗೀಟೂ ಇತ್ತು. ಹುಮ್ಮಸ್ಸು ಬರಲಿ, ಆಮೇಲೆ ಮಾಡೋಣ ಎಂದು ನಾನು ವರ್ಷಗಟ್ಟಲೆ ಕಾದಿದ್ದೆ. ನನಗೆ ಹುಮ್ಮಸ್ಸು ಬಂದದ್ದು ಗೀಟು ಎಳೆದ ಮೇಲೆ.

ಮೊದಲ ವರ್ಷ ಪಾಸಾದೆ. ಎರಡನೆಯ ವರ್ಷ, 1995ರಲ್ಲಿ, ಇಂಗ್ಲಿಷಿನಲ್ಲಿ 29 ಅಂಕ ಬಂದು ಫೇಲಾದೆ. ಮೇಷ್ಟ್ರ ಹೆಂಡತಿ ಫೇಲು! ಎರಡು ದಿನ ಬೀದಿಯ ನಲ್ಲಿಗೂ ಹೋಗಲಿಲ್ಲ. ಮೂರನೆಯ ದಿನ ಬಾಗಿಲ ಹಿಂದಿನ ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸಲು ನಿಂತಾಗ ಮಾವನವರು ಜಗಲಿಯಿಂದಲೇ ಕೇಳಿದರು, "ಈ ವರ್ಷ ಕಟ್ಟೆ ತುಂಬ್ನಿಲ್ಲ ಅಂತ ಯಾರಾದ್ರೂ ಕಟ್ಟೆ ಒಡೆದಾಕ್ತಾರೇನವ್ವ?"

ಬಟ್ಟೆ ಕೆಳಗಿಟ್ಟೆ.

ಅಂದು ಸಂಜೆ ನಮ್ಮವರು ಕಟ್ಟೆಯ ಕತೆ ಹೇಳಿದರು. 1911ರಲ್ಲಿ ಕೆಲಸ ಆರಂಭವಾದಾಗ ಮೈಸೂರಿನವರು ಕೇಳಿದ್ದು 41.5 ಟಿಎಂಸಿ ನೀರು ಹಿಡಿಯುವ ಅಣೆಕಟ್ಟು. ಮದರಾಸಿನವರ ಆಕ್ಷೇಪದಿಂದ ಒಪ್ಪಿಗೆ ಸಿಕ್ಕಿದ್ದು 11 ಟಿಎಂಸಿಗೆ ಮಾತ್ರ. ವಿಶ್ವೇಶ್ವರಯ್ಯನವರ ಕಾಲದ ಆ ಎಂಜಿನಿಯರುಗಳು ಜಗಳವಾಡುತ್ತಾ ಕೂರಲಿಲ್ಲ, ಆಸೆಯನ್ನು ಕೈಬಿಡಲೂ ಇಲ್ಲ. ಅಡಿಪಾಯವನ್ನು ದೊಡ್ಡ ಕಟ್ಟೆಗೇ ಹಾಕಿ, ಸಿಕ್ಕಿದ ಒಪ್ಪಿಗೆಯಷ್ಟು ಕಟ್ಟತೊಡಗಿದರು. 1924ರ ಒಪ್ಪಂದದ ನಂತರ ಪೂರ್ತಿ ಎತ್ತರಕ್ಕೆ ಅನುಮತಿ ಬಂತು. ಅಷ್ಟು ಹೇಳಿ ನಮ್ಮವರು, "ನಿನ್ನ ಅಡಿಪಾಯ ಚೆನ್ನಾಗಿದೆ" ಎಂದರು. ಮದುವೆಯಾಗಿ 19 ವರ್ಷಕ್ಕೆ ಅವರಿಂದ ಬಂದ ಮೊದಲ ಹೊಗಳಿಕೆ ಅದು.

ಆದರೆ ಅದೇ ಕಟ್ಟೆಯಲ್ಲಿ ಹಳೆಯ ಕನ್ನಂಬಾಡಿ ಊರು ಮುಳುಗಿತು ಎಂಬುದನ್ನೂ ಮರೆಯಬಾರದು. 1996ರಲ್ಲಿ ನನ್ನ ಕೊನೆಯ ವರ್ಷದ ಪರೀಕ್ಷೆ, ಮಗಳ ಎಸ್ಸೆಸ್ಸೆಲ್ಸಿ ಎರಡೂ ಒಟ್ಟಿಗೆ ಬಂದವು. ಒಂದು ಮುಂಜಾನೆ ನನಗೆ ಕಾಫಿ ತಂದಿಟ್ಟ ಮಗಳು, "ಎಲ್ಲರ ಮನೇಲೂ ಅಮ್ಮಂದಿರು ಕಾಫಿ ಮಾಡಿಕೊಟ್ಟು ಮಕ್ಕಳನ್ನ ಓದಿಸ್ತಾರಮ್ಮ" ಎಂದು ಹೇಳಿ ಒಳಗೆ ಹೋದಳು. ಕೂಗಾಡಲಿಲ್ಲ, ಅಳಲಿಲ್ಲ. ಅದಕ್ಕೇ ಅದು ನಾಟಿತು. ನನ್ನ ಹಿನ್ನೀರು ಅವಳ ಹಾಸಿಗೆಯವರೆಗೂ ಬಂದಿತ್ತು, ನಾನು ನೋಡಿಯೇ ಇರಲಿಲ್ಲ.

ಅಂದು ಲೆಕ್ಕ ಮತ್ತೆ ಹಾಕಿದೆ. ಕೊನೆಯ ವರ್ಷದ ಪತ್ರಿಕೆಗಳನ್ನು ಮಾತ್ರ ಬರೆಯುವುದು, ಬಾಕಿ ಉಳಿದ ಇಂಗ್ಲಿಷನ್ನು ಮುಂದಿನ ವರ್ಷಕ್ಕೆ ಬಿಡುವುದು, ಆ ಹೊತ್ತನ್ನು ಮಗಳ ಗಣಿತಕ್ಕೆ ಕೊಡುವುದು. ಬಾಗಿಲ ಹಿಂದೆ 1996 ಒರೆಸಿ 1997 ಎಂದು ಬರೆದೆ. ಬಿ.ಎ. ಎಂಬುದನ್ನು ಮುಟ್ಟಲಿಲ್ಲ. ತಾರೀಕು ಬದಲಾಯಿಸುವುದು ಸೋಲಲ್ಲ ಎಂದು ಈಗ ಸುಲಭವಾಗಿ ಹೇಳುತ್ತೇನೆ. ಅಂದು ಆ 6ನ್ನು ಒರೆಸುವಾಗ ಕೈ ನಡುಗಿತ್ತು. ಮಗಳು ಮೊದಲ ದರ್ಜೆಯಲ್ಲಿ ಪಾಸಾದಳು. ಮುಂದಿನ ವರ್ಷ ನನಗೆ ಇಂಗ್ಲಿಷು ಓದಿಸಿದವಳು ಅವಳೇ. 41 ಅಂಕ ಬಂತು. ಬಾಗಿಲಲ್ಲಿ 124.80 ಎಂದು ಬರೆದವರು ಮಾವನವರು. ಅತ್ತೆ ಗೌರಿ ಹಬ್ಬಕ್ಕೆ ಇಟ್ಟಿದ್ದ ಮರದ ಬಾಗಿನದಲ್ಲಿ ಒಂದನ್ನು ತೆಗೆದು, "ಕಟ್ಟೆ ತುಂಬುದ್ರೆ ಬಾಗಿನ ಕೊಡ್ತಾರಲ್ಲ, ತಕ್ಕೊ" ಎಂದು ನನ್ನ ಮಡಿಲಿಗಿಟ್ಟರು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಪಾಸಾದ ಹದಿನೈದು ದಿನಕ್ಕೆ ಹಳೆಯ ಸುಸ್ತು ಮತ್ತೆ ಬಂತು! ನಲವತ್ತು ವರ್ಷದ ಬಿ.ಎ. ಪದವೀಧರೆಗೆ ಕೆಲಸ ಕೊಡುವವರು ಯಾರು? ಬೆಳಿಗ್ಗೆ ನಾಲ್ಕೂವರೆಗೆ ಎಚ್ಚರವಾಗುತ್ತಿತ್ತು, ಓದಲು ಏನೂ ಇರಲಿಲ್ಲ. ತುಂಬಿದ ಕಟ್ಟೆಯಿಂದ ನಾಲೆಗೆ ನೀರು ಬಿಡದಿದ್ದರೆ ಅದು ತುಂಬಿ ಏನು ಫಲ?

ಆಗ ಮನೆಗೆ ಹೂ ಕೊಡಲು ಬರುತ್ತಿದ್ದ ಹೆಂಗಸಿಗೆ, "ನಿನಗೆ ಸಹಿ ಹಾಕುವುದು ಕಲಿಸಲೇ?" ಎಂದೆ. ಅವಳು ಬುಟ್ಟಿ ಕೆಳಗಿಟ್ಟು, "ಸೈನು ಕಟ್ಕೊಂಡು ನಾನೇನ್ ಮಾಡ್ಲಿ ಕಣಕ್ಕ? ಮೈಸೂರು ಬಸ್ಸಿನ ಬೋರ್ಡು ಓದಾದು ಕಲ್ಸು. ದಸರಾ ಹೊತ್ಗೆ ಬರಬೇಕು. ಹೂವಿನ ಮಾರ್ಕೆಟ್‌ಗೆ ಹೋಗ್ವಾಗ ಕಂಡೋರ್ನ ಕೇಳಿ ಕೇಳಿ ಸಾಕಾಗದೆ" ಎಂದಳು. ನನಗೆ 17 ವರ್ಷ ಹಿಡಿದದ್ದು ಅವಳಿಗೆ ಒಂದು ಕ್ಷಣವೂ ಹಿಡಿಯಲಿಲ್ಲ. ಏನು, ಯಾವಾಗ, ಯಾತಕ್ಕೆ, ಮೂರನ್ನೂ ಹೇಳಿಬಿಟ್ಟಳು. ದಸರಾಕ್ಕೆ ಒಂದು ವಾರ ಇರುವಾಗಲೇ ಬೋರ್ಡು ಓದಿದಳು. ಅವಳ ಹಿಂದೆ ಇನ್ನೂ ಆರು ಜನ ಬಂದರು. ನನ್ನ ನಾಲ್ಕೂವರೆಯ ಎಚ್ಚರಕ್ಕೆ ಮತ್ತೆ ಅರ್ಥ ಬಂತು.

ಹೀಗೆಲ್ಲ ಬರೆದರೆ ಎಲ್ಲರೂ ಡಿಗ್ರಿ ಮಾಡಿ ಎಂದು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ನಿಮ್ಮದು ಕಂತು ಕಟ್ಟಿ ತೀರಿಸಬೇಕಾದ ಒಂದು ಸಾಲವಿರಬಹುದು, ಕಲಿಯದೆ ಉಳಿದ ವೀಣೆಯಿರಬಹುದು, ಹಿತ್ತಲಲ್ಲಿ ನಾಲ್ಕು ಮಡಿ ಸೊಪ್ಪಿರಬಹುದು. ಅದು ನಿಮ್ಮದಾಗಿರಬೇಕು, ಅಷ್ಟೇ. ಮಗನ ಅಂಕ, ಗಂಡನ ಬಡ್ತಿ ನಮ್ಮ ಆಸೆಗಳು. ಅವನ್ನು ನಾವು ಹಾರೈಸಬಹುದು, ಅವರ ಪರವಾಗಿ 4 ಪುಟ ಓದಲಾಗುವುದಿಲ್ಲ. ನಿಮ್ಮದನ್ನು ಒಂದು ಕಡೆ ಬರೆದಿಡಿ, ಪಕ್ಕದಲ್ಲಿ ತಾರೀಕು ಹಾಕಿ, ಇವತ್ತಿನ ಪಾಲು ಎಷ್ಟೆಂದು ಭಾಗಿಸಿ. ನಡುನಡುವೆ ಹಿನ್ನೀರು ಯಾರ ಮನೆಗೆ ನುಗ್ಗಿದೆ ಎಂದೂ ನೋಡಿಕೊಳ್ಳಿ.

ಮಾವನವರೂ ಅತ್ತೆಯೂ ಈಗಿಲ್ಲ. ನಮ್ಮವರು ನಿವೃತ್ತರಾದ ಮೇಲೆ ನಾವು ಶ್ರೀರಂಗಪಟ್ಟಣದಲ್ಲಿ ನೆಲೆಸಿದ್ದೇವೆ. ಕಟ್ಟೆಯ ಮಟ್ಟವನ್ನು ಈಗ ಮೊಮ್ಮಗಳು ಮೊಬೈಲಿನಲ್ಲಿ ನೋಡಿ ಹೇಳುತ್ತಾಳೆ. ನನ್ನ ಮಂಡಿಗಳು ಮಾತು ಕೇಳುತ್ತಿಲ್ಲ. ಮೊನ್ನೆ ಆಟೋದಲ್ಲಿ ನಿಮಿಷಾಂಬಕ್ಕೆ ಹೋಗಿದ್ದೆ. ಅರ್ಚಕರು ಹೊಸಬರು, ಹುಡುಗ. ಮನೆಯವರ ಹೆಸರು, ನಕ್ಷತ್ರವೆಲ್ಲ ಕೇಳಿಯಾದ ಮೇಲೆ ಸುಮ್ಮನಾದರು. ನಾನೇ ಹೇಳಿದೆ, "ನನ್ನದೂ ಒಂದಿದೆ ಸ್ವಾಮಿ. ರಥಸಪ್ತಮಿಯ ಹೊತ್ತಿಗೆ ಮನೆಯಿಂದ ಇಲ್ಲಿಗೆ ನಡೆದುಕೊಂಡು ಬರಬೇಕು. ಈಗ ದಿನಕ್ಕೆ 400 ಹೆಜ್ಜೆ ಆಗುತ್ತಿದೆ."

ಹುಡುಗ ಒಂದು ಗಳಿಗೆ ನನ್ನನ್ನೇ ನೋಡಿ, ಅಕ್ಷತೆ ಕೈಗಿತ್ತು, "ವಾಪಸ್ಸು ಹೋಗುವುದಕ್ಕೆ ಆಟೋ ಹೇಳಲೇ ಅಮ್ಮ, ಅದೂ ನಡೆದೇ ಹೋಗಬೇಕೇ?" ಎಂದರು.

"ಈ ವರ್ಷಕ್ಕೆ ಬರುವುದಷ್ಟೇ ಸಾಕು" ಎಂದೆ.